ಡಿಸ್ಕ್ ಆಪರೇಷನ್: ಹತ್ತು ವರ್ಷಗಳ ಲೆಕ್ಕ

ಸೊಂಟದ ಡಿಸ್ಕ್ ಆಪರೇಷನ್ ಆಗಬೇಕಾದವರ ಮನೆಯಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎಷ್ಟು ದಿನ ಆಸ್ಪತ್ರೆ, ಎಷ್ಟು ಖರ್ಚು, ಯಾವ ಡಾಕ್ಟರು ಒಳ್ಳೆಯವರು, ಎಂಡೋಸ್ಕೋಪಿಯಲ್ಲಿ ಮಾಡಿಸುವುದೋ ಮಾಮೂಲಿ ವಿಧಾನವೋ. ಇವೆಲ್ಲ ಆಪರೇಷನ್ನಿನ ಆಚೀಚಿನ ಒಂದೆರಡು ವಾರದ ಚಿಂತೆಗಳು. ಐದು ವರ್ಷ, ಹತ್ತು ವರ್ಷ ಕಳೆದ ಮೇಲೆ ರೋಗಿ ಹೇಗಿರುತ್ತಾರೆ, ಅದನ್ನು ತೀರ್ಮಾನಿಸುವ ಸಂಗತಿಗಳು ಯಾವುವು ಎಂದು ಕೇಳುವವರು ಕಡಿಮೆ. ವೈದ್ಯ ವಿಜ್ಞಾನ ಮಾತ್ರ ಈ ಪ್ರಶ್ನೆಯ ಬೆನ್ನು ಹತ್ತಿ ನಲವತ್ತು ವರ್ಷ ದಾಟಿದೆ. ನಾರ್ವೆ, ನೆದರ್ಲೆಂಡ್ಸ್, ಬೆಲ್ಜಿಯಂ, ಅಮೆರಿಕ, ಕೆನಡಾಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಮಾತು ಎದ್ದು ಕಾಣುತ್ತದೆ. ಶಸ್ತ್ರಚಿಕಿತ್ಸೆಯ ವಿಧಾನದ ಬಗ್ಗೆ ನಾವು ಎಷ್ಟು ತಲೆಕೆಡಿಸಿಕೊಳ್ಳುತ್ತೇವೋ, ದೀರ್ಘಕಾಲದ ಫಲ ಅಷ್ಟರಮಟ್ಟಿಗೆ ಅದನ್ನು ಅವಲಂಬಿಸಿಲ್ಲ. ಯಾರಿಗೆ ಮಾಡಿದರು, ಯಾವಾಗ ಮಾಡಿದರು, ಆಮೇಲೆ ಆ ವ್ಯಕ್ತಿ ತನ್ನ ಬೆನ್ನಿನ ಬಗ್ಗೆ ಏನು ನಂಬಿಕೊಂಡು ಯಾವ ಕೆಲಸಕ್ಕೆ ಮರಳಿದ ಎಂಬುದರ ತೂಕವೇ ಹೆಚ್ಚು.

ಮೊದಲು ಆಪರೇಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಬೇಕು. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಡಿಸ್ಕಿಗೆ ಹೊರಗೆ ಗಟ್ಟಿ ನಾರಿನ ಪದರಗಳ ಬಳೆ, ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ತಿರುಳು. ದೊಡ್ಡವರ ಡಿಸ್ಕಿನ ಒಳಭಾಗದಲ್ಲಿ ರಕ್ತನಾಳಗಳಿಲ್ಲ. ಮೇಲಿನ ಕೆಳಗಿನ ಮಣಿಗಳಿಂದ ಒಸರಿ ಬರುವ ಪೋಷಣೆಯೇ ಅದಕ್ಕೆ ಗತಿ. ಹಾಗಾಗಿ ಒಮ್ಮೆ ಸವೆದ ಡಿಸ್ಕ್ ತನ್ನನ್ನು ತಾನು ಸರಿಪಡಿಸಿಕೊಳ್ಳುವುದು ತೀರಾ ನಿಧಾನ, ಅದೂ ಅರೆಬರೆ. ನಾರಿನ ಬಳೆ ಹರಿದು ತಿರುಳಿನ ತುಣುಕು ಹಿಂದಕ್ಕೆ ಚಾಚಿದಾಗ ಪಕ್ಕದಲ್ಲೇ ಹಾದುಹೋಗುವ ನರದ ಬುಡವನ್ನು ಒತ್ತುತ್ತದೆ. ಜೊತೆಗೆ ತಿರುಳಿನಲ್ಲಿರುವ ರಾಸಾಯನಿಕಗಳು ನರವನ್ನು ಕೆರಳಿಸಿ ಊದಿಸುತ್ತವೆ. ಆಗ ಸೊಂಟದಿಂದ ತೊಡೆಯ ಹಿಂಭಾಗ, ಮೀನಖಂಡ ಹಾದು ಪಾದದವರೆಗೆ ಚಳಕು ಹೊಡೆಯುತ್ತ ನೋವು ಇಳಿಯುತ್ತದೆ. ಆಯುರ್ವೇದದಲ್ಲಿ ಗೃಧ್ರಸಿ, ಇಂದಿನ ಆಸ್ಪತ್ರೆಯಲ್ಲಿ ಸಯಾಟಿಕಾ. ಸೊಂಟದ ಭಾಗದಲ್ಲಿ ಹೊರಚಾಚುವ ಡಿಸ್ಕುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕೆಳಗಿನ ಎರಡೇ ಡಿಸ್ಕುಗಳು, ಅಂದರೆ ರಿಪೋರ್ಟಿನಲ್ಲಿ ಎಲ್4–ಎಲ್5 ಮತ್ತು ಎಲ್5–ಎಸ್1 ಎಂದು ಬರೆದಿರುವವು.

ಆಪರೇಷನ್ ಟೇಬಲ್ ಮೇಲೆ ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಎಕ್ಸ್‌ರೇ ಹಿಡಿದು ಯಾವ ಮಣಿ ಎಂದು ಗುರುತು ಮಾಡಿಕೊಂಡು, ಬೆನ್ನಿನ ನಡುವೆ ಎರಡು ಮೂರು ಸೆಂಟಿಮೀಟರಿನಷ್ಟು ಚರ್ಮ ಕೊಯ್ದು, ಸ್ನಾಯುವನ್ನು ಒಂದು ಪಕ್ಕಕ್ಕೆ ಸರಿಸುತ್ತಾರೆ. ಮಣಿಯ ಹಿಂಭಾಗದ ಮೂಳೆಯ ಅಂಚನ್ನು ಸ್ವಲ್ಪ ಕೆತ್ತಿ, ಹಳದಿ ಲಿಗಮೆಂಟನ್ನು ತೆರೆದರೆ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ನರ ಕಾಣುತ್ತದೆ. ಕೆಂಪಾಗಿ, ಊದಿಕೊಂಡು, ಕೆಳಗಿನ ತುಣುಕಿನ ಮೇಲೆ ಬಿಗಿದು ಹರಡಿರುತ್ತದೆ. ಅದನ್ನು ಮೆಲ್ಲಗೆ ಬದಿಗೆ ಸರಿಸಿ ಚಿಮುಟದಿಂದ ತುಣುಕನ್ನು ಹಿಡಿದೆಳೆದಾಗ ಬೇಯಿಸಿದ ಏಡಿಯ ಮಾಂಸದಂಥ ಬಿಳಿಯ ಎಳೆಗಳು ಹೊರಗೆ ಬರುತ್ತವೆ. ನರ ಸಡಿಲವಾಗುತ್ತದೆ. ಎಷ್ಟೋ ರೋಗಿಗಳಿಗೆ ಅರಿವಳಿಕೆಯಿಂದ ಎಚ್ಚರವಾದಾಗಲೇ ಕಾಲಿನ ನೋವು ಹೋಗಿರುವುದು ಇದೇ ಕಾರಣಕ್ಕೆ.

ಆದರೆ ಡಿಸ್ಕ್ ಹೊಸದಾಗಿಲ್ಲ. ಬಳೆಯಲ್ಲಿ ಹರಿದ ಜಾಗ ಹಾಗೇ ಇದೆ. ಅದು ಕಲೆಗಟ್ಟಿ ಮುಚ್ಚಿಕೊಳ್ಳಬೇಕು. ಸವೆತವೂ ನಿಂತಿಲ್ಲ. ಆದ್ದರಿಂದ ಇದು ಮುಖ್ಯವಾಗಿ ಕಾಲುನೋವಿನ ಆಪರೇಷನ್, ಬೆನ್ನುನೋವಿನದಲ್ಲ. ಕಾಲಿನ ನೋವು ಬೆನ್ನಿನ ನೋವಿಗಿಂತ ಹೆಚ್ಚಿದ್ದು, ಆ ನೋವು ಒಂದೇ ನರದ ಹಾದಿಯಲ್ಲಿ ಇಳಿಯುತ್ತಿದ್ದು, ಕಾಲನ್ನು ನೆಟ್ಟಗೆ ಎತ್ತಿದಾಗ ಹೆಚ್ಚಾಗುತ್ತಿದ್ದು, ಸ್ಕ್ಯಾನಿನಲ್ಲಿ ಅದೇ ನರದ ಮೇಲೆ ಒತ್ತಡ ಕಂಡರೆ ಆಪರೇಷನ್ ಚೆನ್ನಾಗಿ ಫಲಿಸುತ್ತದೆ. ಈ ನಾಲ್ಕೂ ಒಂದಕ್ಕೊಂದು ಹೊಂದದೆ ಹೋದರೆ ಫಲ ಅಷ್ಟಕ್ಕಷ್ಟೇ. ದೀರ್ಘಕಾಲದ ಚೇತರಿಕೆಯ ಅರ್ಧ ಭಾಗ ರೋಗಿಯನ್ನು ಆರಿಸುವ ಹಂತದಲ್ಲೇ ತೀರ್ಮಾನವಾಗಿಬಿಡುತ್ತದೆ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಸ್ಕ್ಯಾನ್ ಒಂದನ್ನೇ ನಂಬಿ ತೀರ್ಮಾನ ಮಾಡಬಾರದೆಂಬುದಕ್ಕೆ ಬಲವಾದ ಆಧಾರಗಳಿವೆ. ಜೀವನದಲ್ಲಿ ಬೆನ್ನುನೋವನ್ನೇ ಕಾಣದ 67 ಜನರ ಎಂ.ಆರ್.ಐ. ತೆಗೆದು 1990ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಅವರಲ್ಲಿ 60 ವರ್ಷದೊಳಗಿನ ಐವರಲ್ಲಿ ಒಬ್ಬರಿಗೆ ಡಿಸ್ಕ್ ಹೊರಚಾಚಿತ್ತು. ನೋವಿಲ್ಲದವರ ಸ್ಕ್ಯಾನುಗಳನ್ನೆಲ್ಲ ಒಟ್ಟುಗೂಡಿಸಿದ 2015ರ ಸಮೀಕ್ಷೆಯ ಪ್ರಕಾರ ಇಪ್ಪತ್ತರ ಪ್ರಾಯದವರಲ್ಲೇ ಶೇ 30 ಮಂದಿಯ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತರ ವಯಸ್ಸಿನವರಲ್ಲಿ ಶೇ 84. ನೆರೆಗೂದಲು ನೋಡಿ ಯಾರೂ ಗಾಬರಿಯಾಗುವುದಿಲ್ಲ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದು ಓದಿದ ಕೂಡಲೇ ಮಾತ್ರ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ.

ಹೊರಚಾಚಿದ ಡಿಸ್ಕ್ ಕಾಲುನೋವಿಗೆ ಕಾರಣ ಎಂದು ಖಚಿತವಾಗಿ ತೋರಿಸಿಕೊಟ್ಟವರು ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕ ವಿಲಿಯಂ ಜೇಸನ್ ಮಿಕ್ಸ್ಟರ್ ಮತ್ತು ಮೂಳೆ ತಜ್ಞ ಜೋಸೆಫ್ ಬಾರ್, 1934ರಲ್ಲಿ. ಅಲ್ಲಿಯವರೆಗೆ ಇಂಥ ತುಣುಕುಗಳನ್ನು ಗೆಡ್ಡೆಗಳೆಂದೇ ಭಾವಿಸಿದ್ದರು. ಆಮೇಲೆ ಆಪರೇಷನ್ನುಗಳು ಹೆಚ್ಚಿದವು. ಆದರೆ ಮಾಡಿಸಿಕೊಂಡವರನ್ನೂ ಮಾಡಿಸಿಕೊಳ್ಳದವರನ್ನೂ ಚೀಟಿ ಎತ್ತಿ ಎರಡು ಗುಂಪು ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸಕ್ಕೆ ಅರ್ಧ ಶತಮಾನ ಹಿಡಿಯಿತು. ಓಸ್ಲೋದ ಹೆನ್ರಿಕ್ ವೇಬರ್ ಅದನ್ನು ಮಾಡಿ 1983ರಲ್ಲಿ ಪ್ರಕಟಿಸಿದರು. ಆಪರೇಷನ್ ಬೇಕೋ ಬೇಡವೋ ಎಂಬ ಅನುಮಾನದ ಅಂಚಿನಲ್ಲಿದ್ದ 126 ರೋಗಿಗಳು. ಒಂದು ವರ್ಷದ ಕೊನೆಗೆ ಆಪರೇಷನ್ ಆದವರು ಸ್ಪಷ್ಟವಾಗಿ ಮೇಲಾಗಿದ್ದರು. ನಾಲ್ಕನೆಯ ವರ್ಷದ ಹೊತ್ತಿಗೆ ಅಂತರ ಕರಗಿತ್ತು, ಹತ್ತನೆಯ ವರ್ಷದಲ್ಲಿ ಇರಲೇ ಇಲ್ಲ. ಆ ಅಧ್ಯಯನದ ವಿಧಾನದಲ್ಲಿ ಕೊರತೆಗಳಿವೆ ನಿಜ. ಔಷಧೋಪಚಾರದ ಗುಂಪಿನ 66 ಜನರಲ್ಲಿ 17 ಮಂದಿ ನೋವು ತಡೆಯಲಾರದೆ ಆಪರೇಷನ್ ಮಾಡಿಸಿಕೊಂಡರು. ಆದರೂ ಅದು ಎತ್ತಿದ ಪ್ರಶ್ನೆ ಇವತ್ತಿಗೂ ಜೀವಂತವಾಗಿದೆ.

ಆಮೇಲಿನ ದೊಡ್ಡ ಅಧ್ಯಯನಗಳು ಉತ್ತರವನ್ನು ಇನ್ನಷ್ಟು ತಿದ್ದಿದವು. ಅಮೆರಿಕದ ಮೇನ್ ರಾಜ್ಯದ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕಾಲುನೋವು ಬಹಳ ಮಟ್ಟಿಗೆ ಅಥವಾ ಪೂರ್ತಿ ಹೋಗಿದೆ ಎಂದವರು ಆಪರೇಷನ್ ಆದವರಲ್ಲಿ ಶೇ 56, ಆಗದವರಲ್ಲಿ ಶೇ 40. ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ, ಅದನ್ನು ಆಪರೇಷನ್ನಿಗೆ ಮುಂಚೆ ಪ್ರತಿ ರೋಗಿಗೂ ಹೇಳಬೇಕು: ಆಪರೇಷನ್ ಆದವರಲ್ಲಿ ನಾಲ್ವರಲ್ಲಿ ಒಬ್ಬರು ಆ ಹತ್ತು ವರ್ಷಗಳಲ್ಲಿ ಮತ್ತೊಮ್ಮೆ ಟೇಬಲ್ ಹತ್ತಿದರು. ಅಮೆರಿಕದ 11 ರಾಜ್ಯಗಳ 13 ಆಸ್ಪತ್ರೆಗಳಲ್ಲಿ ನಡೆದ ‘ಸ್ಪೋರ್ಟ್’ ಎಂಬ ಬೃಹತ್ ಪ್ರಯೋಗದಲ್ಲಿ ರೋಗಿಗಳು ಚೀಟಿಯ ಮಾತು ಕೇಳಲಿಲ್ಲ. ಆಪರೇಷನ್ ಎಂದು ಚೀಟಿ ಬಂದವರಲ್ಲಿ ಮೂರು ತಿಂಗಳೊಳಗೆ ಮಾಡಿಸಿಕೊಂಡವರು ಅರ್ಧದಷ್ಟೇ. ಬೇಡ ಎಂದು ಬಂದವರಲ್ಲಿ ಶೇ 30 ಮಂದಿ ಮಾಡಿಸಿಕೊಂಡರು. ಹಾಗಾಗಿ ಚೀಟಿಯ ಪ್ರಕಾರ ಲೆಕ್ಕ ಹಾಕಿದರೆ ವ್ಯತ್ಯಾಸ ಸಣ್ಣದು, ನಿಜವಾಗಿ ಪಡೆದ ಚಿಕಿತ್ಸೆಯ ಪ್ರಕಾರ ಹಾಕಿದರೆ ಎಂಟನೆಯ ವರ್ಷದಲ್ಲೂ ಆಪರೇಷನ್ ಆದವರದ್ದೇ ಮೇಲುಗೈ.

ನನಗೆ ಇವೆಲ್ಲಕ್ಕಿಂತ ಉಪಯುಕ್ತ ಎನಿಸಿರುವುದು ನೆದರ್ಲೆಂಡ್ಸಿನ 2007ರ ಪ್ರಯೋಗ. ಆರರಿಂದ ಹನ್ನೆರಡು ವಾರ ತೀವ್ರ ನೋವು ಉಂಡಿದ್ದ 283 ಜನರಲ್ಲಿ ಅರ್ಧ ಮಂದಿಗೆ ಬೇಗನೆ ಆಪರೇಷನ್, ಉಳಿದವರಿಗೆ ಕಾದು ನೋಡುವ ಚಿಕಿತ್ಸೆ. ಮೊದಲ ಗುಂಪಿನವರು ಸುಮಾರು ನಾಲ್ಕು ವಾರಕ್ಕೆ ಚೇತರಿಸಿಕೊಂಡರೆ ಎರಡನೆಯವರಿಗೆ ಹನ್ನೆರಡು ವಾರ ಬೇಕಾಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ 39 ಮಂದಿಗೆ ಆಮೇಲೆ ಆಪರೇಷನ್ ಬೇಕಾಯಿತು, ಉಳಿದವರು ಅದಿಲ್ಲದೆಯೇ ಸುಧಾರಿಸಿದರು. ಹೊರಬಿದ್ದ ತುಣುಕನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುವುದು ಇದಕ್ಕೆ ಒಂದು ಕಾರಣ. ವಿಚಿತ್ರವೆಂದರೆ ಡಿಸ್ಕಿನಿಂದ ಪೂರ್ತಿ ಕಳಚಿ ಬಿದ್ದ ದೊಡ್ಡ ತುಣುಕುಗಳೇ ಹೆಚ್ಚು ಕರಗುತ್ತವೆ, ಬರೀ ಉಬ್ಬಿದವು ಅಷ್ಟಾಗಿ ಕರಗುವುದಿಲ್ಲ.

ಹಾಗೆಂದು ಎಷ್ಟು ದಿನವಾದರೂ ಕಾಯಬಹುದು ಎಂದು ಅರ್ಥ ಮಾಡಿಕೊಳ್ಳಬಾರದು. ನಾಲ್ಕರಿಂದ ಹನ್ನೆರಡು ತಿಂಗಳು ಸಯಾಟಿಕಾ ಅನುಭವಿಸಿದ್ದ 128 ಜನರ ಮೇಲೆ ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಹತ್ತರ ಅಳತೆಯಲ್ಲಿ ಕಾಲುನೋವು ಆಪರೇಷನ್ ಆದವರಲ್ಲಿ 2.8, ಕಾದವರಲ್ಲಿ 5.2. ಸ್ಪೋರ್ಟ್ ಅಧ್ಯಯನದಲ್ಲೂ ಆರು ತಿಂಗಳು ಮೀರಿ ನೋವು ಹೊತ್ತು ಬಂದವರ ಫಲಿತಾಂಶ, ಆಪರೇಷನ್ ಆಗಲಿ ಆಗದಿರಲಿ, ಬೇಗ ಬಂದವರಿಗಿಂತ ಕೆಳಗಿತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ಕಾಲದ ವಿಷಯದಲ್ಲಿ ಒಂದು ಕಿಟಕಿ ಕಾಣುತ್ತದೆ. ಮೊದಲ ಆರೆಂಟು ವಾರ ಅವಸರ ಬೇಡ. ನೋವು ತಗ್ಗದೆ ಹೋದರೆ ಆರು ತಿಂಗಳು ದಾಟಿಸುವುದೂ ಬೇಡ. ನಮ್ಮಲ್ಲಿ ಎರಡೂ ತುದಿಯ ತಪ್ಪುಗಳು ನಡೆಯುತ್ತವೆ. ನಗರದಲ್ಲಿ ಸ್ಕ್ಯಾನ್ ಬಂದ ವಾರವೇ ಆಪರೇಷನ್ ದಿನಾಂಕ ಗೊತ್ತಾಗುವುದುಂಟು. ಹಳ್ಳಿಯಲ್ಲಿ ಸೊಂಟ ಎಳೆಸಿ, ಎಣ್ಣೆ ಹಚ್ಚಿ, ಪಟ್ಟು ಹಾಕಿಸಿ, ಎರಡು ಬೆಳೆ ಮುಗಿದ ಮೇಲೆ ಆಸ್ಪತ್ರೆಗೆ ಬರುವವರಿದ್ದಾರೆ. ಆ ಹೊತ್ತಿಗೆ ನರ ಸೊರಗಿರುತ್ತದೆ. ನರದ ಎಳೆಗಳು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಪಾದ ಎಷ್ಟು ದೂರವಿದೆಯೆಂದು ನೆನೆದರೆ, ಬಿದ್ದ ಪಾದ ಮೇಲೇಳಲು ಅಷ್ಟು ತಿಂಗಳು ಏಕೆ ಬೇಕು, ಹೆಬ್ಬೆರಳಿನ ಜೋಮು ಏಕೆ ಉಳಿದುಬಿಡುತ್ತದೆ ಎಂಬುದು ಅರ್ಥವಾಗುತ್ತದೆ.

ಇದಕ್ಕೆಲ್ಲ ಹೊರತಾದ ಒಂದು ತುರ್ತು ಇದೆ. ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಮಲದ ಮೇಲೆ ಹತೋಟಿ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಎರಡೂ ಕಾಲು ಸೋಲುವುದು ಕಂಡರೆ ವಾರಗಳ ಲೆಕ್ಕ ಬಿಟ್ಟು ಆ ಗಂಟೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. 48 ಗಂಟೆ ದಾಟಿದ ಮೇಲೆ ಆಪರೇಷನ್ ಮಾಡಿದರೆ ಮೂತ್ರದ ಹತೋಟಿ ಮರಳುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಜೀವನಪೂರ್ತಿ ಕ್ಯಾತಿಟರ್ ಬೇಕಾಗುವಂಥ ಸ್ಥಿತಿ ಅದು.

ವಿಧಾನದ ವಿಷಯವನ್ನು ಬೇಗ ಮುಗಿಸಬಹುದು. ಸೂಕ್ಷ್ಮದರ್ಶಕ ಬಳಸುವ ಪದ್ಧತಿ 1977ರ ಸುಮಾರಿಗೆ ಯುರೋಪಿನಲ್ಲಿ ಶುರುವಾಯಿತು. ಈಚೆಗೆ ಕೊಳವೆಯ ಮೂಲಕ, ಎಂಡೋಸ್ಕೋಪಿನ ಮೂಲಕ ಮಾಡುವ ವಿಧಾನಗಳು ಬಂದಿವೆ. ಡಚ್ಚರು ಕೊಳವೆಯ ವಿಧಾನವನ್ನು 2009ರಲ್ಲಿ, ಎಂಡೋಸ್ಕೋಪಿಯನ್ನು 2022ರಲ್ಲಿ ಮೈಕ್ರೋಡಿಸ್ಕೆಕ್ಟಮಿ ಎಂಬ ಮಾಮೂಲಿ ವಿಧಾನಕ್ಕೆ ಹೋಲಿಸಿ ನೋಡಿದರು. ಕೊಳವೆಯ ವಿಧಾನ ಮೇಲಾಗಿರಲಿಲ್ಲ. ಎಂಡೋಸ್ಕೋಪಿ ಒಂದು ವರ್ಷದ ಕೊನೆಗೆ ಮಾಮೂಲಿಯದಕ್ಕೆ ಕಡಿಮೆಯೇನಲ್ಲ ಎಂದಾಯಿತು. ಗಾಯ ಚಿಕ್ಕದು, ಮನೆಗೆ ಬೇಗ ಹೋಗಬಹುದು. ಆದರೆ ಜಾಹೀರಾತುಗಳು ಹೇಳುವಷ್ಟು ಭವಿಷ್ಯ ಬದಲಾಗುವುದಿಲ್ಲ. ಆ ವಿಧಾನದಲ್ಲಿ ಕೈ ಪಳಗಿದವರು ಮಾಡಬೇಕು ಎಂಬುದಷ್ಟೇ ಮುಖ್ಯ.

ಎಷ್ಟು ತಿರುಳು ತೆಗೆಯಬೇಕೆಂಬ ಪ್ರಶ್ನೆ ಮಾತ್ರ ದೀರ್ಘಕಾಲಕ್ಕೆ ನಿಜವಾಗಿ ಸಂಬಂಧಿಸಿದ್ದು. ಹೊರಬಂದ ತುಣುಕನ್ನಷ್ಟೇ ತೆಗೆದರೆ ಡಿಸ್ಕಿನ ಎತ್ತರ ಉಳಿಯುತ್ತದೆ, ಆದರೆ ಒಳಗೆ ಉಳಿದದ್ದು ಮತ್ತೆ ಹೊರಬರಬಹುದು. ಒಳಗನ್ನೂ ಕೆರೆದು ತೆಗೆದರೆ ಮರುಕಳಿಕೆ ಕಡಿಮೆ, ಆದರೆ ಡಿಸ್ಕ್ ಕುಸಿದು ಬೆನ್ನುನೋವು ಕಾಡುತ್ತದೆ. ಪ್ರಕಟವಾದ ಫಲಿತಾಂಶಗಳನ್ನು ಕೂಡಿಸಿದ 2009ರ ಒಂದು ಸಮೀಕ್ಷೆಯಲ್ಲಿ ಮರುಕಳಿಕೆ ಮೊದಲ ವಿಧಾನದಲ್ಲಿ ಶೇ 7, ಎರಡನೆಯದರಲ್ಲಿ ಶೇ 3.5. ಎರಡು ವರ್ಷ ದಾಟಿದ ಮೇಲೆ ಬೆನ್ನು ಅಥವಾ ಕಾಲಿನ ನೋವು ಮರಳಿದ್ದು ಮೊದಲನೆಯದರಲ್ಲಿ ಶೇ 11.6, ಎರಡನೆಯದರಲ್ಲಿ ಶೇ 27.8. ಇವತ್ತು ಹೆಚ್ಚಿನ ಸರ್ಜನ್ನರು ಕಡಿಮೆ ತೆಗೆಯುವ ಕಡೆಗೇ ಒಲಿದಿರುವುದು ಸರಿಯಾಗಿದೆ. ಅಮೆರಿಕದ ಯೂಜಿನ್ ಕ್ಯಾರಗೀ 2003ರಲ್ಲಿ ತೋರಿಸಿದಂತೆ ಹರಿದ ಜಾಗದ ಅಗಲವೂ ಮುಖ್ಯ. ಬಳೆಯಲ್ಲಿ ಸಣ್ಣ ಸೀಳು ಇದ್ದವರಲ್ಲಿ ಡಿಸ್ಕ್ ಮತ್ತೆ ಹೊರಚಾಚಿದ್ದು ಶೇ 1, ದೊಡ್ಡ ತೂತು ಇದ್ದವರಲ್ಲಿ ಶೇ 27. ಇದನ್ನು ಸರ್ಜನ್ ಕಣ್ಣಾರೆ ನೋಡಿರುತ್ತಾರೆ. ಡಿಸ್ಚಾರ್ಜ್ ಸಾರಾಂಶದಲ್ಲಿ ಒಂದು ಸಾಲು ಬರೆದರೆ, ಮುಂದೆ ನೋವು ಮರಳಿದಾಗ ಬೇರೆ ವೈದ್ಯರಿಗೂ ನೆರವಾಗುತ್ತದೆ.

ದೇಹದ ಕಡೆಯಿಂದ ನಮ್ಮ ಕೈಯಲ್ಲಿರುವುದರಲ್ಲಿ ಮೊದಲನೆಯದು ಬೀಡಿ ಸಿಗರೇಟು. ನಿಕೋಟಿನ್ ಮಣಿಗಳ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೊದಲೇ ಅರೆಹೊಟ್ಟೆಯ ಡಿಸ್ಕಿಗೆ ಪೋಷಣೆ ಇನ್ನೂ ಕಡಿಮೆಯಾಗುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ 2016ರಲ್ಲಿ ಬಂದ ವಿಶ್ಲೇಷಣೆ ಸೇದುವವರಲ್ಲಿ ಮರುಕಳಿಕೆಯ ಸಂಭವ ಹೆಚ್ಚುಕಡಿಮೆ ಎರಡರಷ್ಟು ಎಂದಿತು. ಸಕ್ಕರೆ ಕಾಯಿಲೆಯೂ ಅದೇ ಪಟ್ಟಿಯಲ್ಲಿತ್ತು. ತೂಕದ ಬಗ್ಗೆ ಪುರಾವೆಗಳು ಒಂದೇ ದಾರಿ ಹಿಡಿಯುವುದಿಲ್ಲ, ಆದರೂ ತೂಕ ಇಳಿಸುವುದರಿಂದ ನಷ್ಟವಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದು ವಂಶವಾಹಿ. ಫಿನ್‌ಲೆಂಡಿನ ಅವಳಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಸಂಶೋಧಕರು ಡಿಸ್ಕ್ ಸವೆಯುವುದರಲ್ಲಿ ಹೊರೆ ಹೊರುವ ಕೆಲಸಕ್ಕಿಂತ ಹುಟ್ಟಿನಿಂದ ಬಂದದ್ದೇ ಹೆಚ್ಚು ಎಂದು ಕಂಡುಕೊಂಡರು. ‘ನೀನು ಅಷ್ಟು ಭಾರ ಎತ್ತಿದ್ದಕ್ಕೇ ಹೀಗಾಯಿತು’ ಎಂದು ಮನೆಯವರು ರೋಗಿಯನ್ನು ದೂರುವುದನ್ನು ಇಷ್ಟಕ್ಕಾದರೂ ನಿಲ್ಲಿಸಬೇಕು.

ಈಗ ಮನಸ್ಸು ಮತ್ತು ಕೆಲಸ. ಇಲ್ಲಿ ಪುರಾವೆ ದಟ್ಟವಾಗಿದೆ, ಆಚರಣೆ ತೆಳುವಾಗಿದೆ. ಯುರೋಪಿನ ಸಂಶೋಧಕರು 1999ರಲ್ಲಿ ಡಿಸ್ಕ್ ಆಪರೇಷನ್ ಆದ 46 ಜನರನ್ನು ಎರಡು ವರ್ಷ ಗಮನಿಸಿ ಬರೆದ ಪ್ರಬಂಧ ಚಿಕ್ಕದಾದರೂ ಮರೆಯಲಾಗದ್ದು. ಯಾರು ಕೆಲಸಕ್ಕೆ ಮರಳುತ್ತಾರೆ ಎಂಬುದನ್ನು ಎಂ.ಆರ್.ಐ. ಮೊದಲೇ ಹೇಳಲಿಲ್ಲ. ಖಿನ್ನತೆ ಮತ್ತು ಕೆಲಸದ ಜಾಗದ ಮಾನಸಿಕ ಒತ್ತಡ ಹೇಳಿದವು. ಆಮೇಲೆ ಬಂದ ಸಮೀಕ್ಷೆಗಳೂ ಇದನ್ನೇ ಬೇರೆ ಬೇರೆ ಮಾತಲ್ಲಿ ಹೇಳಿವೆ. ಖಿನ್ನತೆ, ನೋವಾಗುತ್ತದೆಂಬ ಹೆದರಿಕೆಯಿಂದ ಚಲನೆಯನ್ನೇ ಬಿಡುವುದು, ಆಪರೇಷನ್ನಿಗೆ ಮುಂಚೆ ದೀರ್ಘ ರಜೆ, ಕಡಿಮೆ ಓದು, ಪರಿಹಾರದ ವ್ಯಾಜ್ಯ, ಇಷ್ಟವಿಲ್ಲದ ಕೆಲಸ ಇವೆಲ್ಲ ಚೇತರಿಕೆಯನ್ನು ಹಿಂದಕ್ಕೆಳೆಯುತ್ತವೆ. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ದುಡಿಮೆ ನಿಂತು, ಸಾಲ ಏರಿದ ಮನುಷ್ಯನ ನರಮಂಡಲ ಸಣ್ಣ ಪ್ರಚೋದನೆಗೂ ದೊಡ್ಡ ನೋವಾಗಿ ಸ್ಪಂದಿಸುವುದು ದೇಹದ ಸಹಜ ವರ್ತನೆ. ಆಪರೇಷನ್ನಿಗೆ ಮುಂಚೆ ಬಿ.ಪಿ., ಸಕ್ಕರೆ, ಇ.ಸಿ.ಜಿ. ಎಲ್ಲ ನೋಡುತ್ತಾರೆ. ‘ನಿದ್ದೆ ಬರುತ್ತದೆಯಾ, ಮನಸ್ಸು ಹೇಗಿದೆ, ಕೆಲಸದಲ್ಲಿ ಏನು ಕಥೆ’ ಎಂಬ ಮೂರು ಮಾತು ಕೇಳಲು ಯಂತ್ರ ಬೇಕಿಲ್ಲ.

ಚಲನೆಯ ಹೆದರಿಕೆಯನ್ನು ಬಿತ್ತುವುದರಲ್ಲಿ ಆಸ್ಪತ್ರೆಗಳ ಪಾಲೂ ಇದೆ. ಬಿಡುಗಡೆಯ ಚೀಟಿಯಲ್ಲಿ ‘ಬಗ್ಗಬಾರದು, ಭಾರ ಎತ್ತಬಾರದು, ನೆಲದ ಮೇಲೆ ಕೂರಬಾರದು, ದ್ವಿಚಕ್ರ ವಾಹನ ಓಡಿಸಬಾರದು’ ಎಂದು ಬರೆದಿರುತ್ತದೆ. ಎಲ್ಲಿಯವರೆಗೆ ಎಂದು ಬರೆದಿರುವುದಿಲ್ಲ. ರೋಗಿ ಅದನ್ನು ಜೀವಾವಧಿ ಶಿಕ್ಷೆಯಂತೆ ಪಾಲಿಸುತ್ತಾರೆ. ಹತ್ತು ವರ್ಷ ಕಳೆದರೂ ಮೊಮ್ಮಗುವನ್ನು ಎತ್ತಿಕೊಳ್ಳದ ಅಜ್ಜಿಯಂದಿರು, ಬೆಲ್ಟ್ ಬಿಗಿಯದೆ ಹೊಸಿಲು ದಾಟದ ಗುಮಾಸ್ತರು ನಮ್ಮ ನಡುವೆ ಇದ್ದಾರೆ. ಬೆಲ್ಟಿನ ಆಸರೆಗೆ ಒಗ್ಗಿದ ಬೆನ್ನಿನ ಸ್ನಾಯುಗಳು, ಅದರಲ್ಲೂ ಮಣಿಗಳನ್ನು ಹಿಡಿದಿಡುವ ಆಳದ ಸ್ನಾಯುಗಳು, ಬಳಕೆಯಿಲ್ಲದೆ ಸೊರಗಿ ಕೊಬ್ಬು ತುಂಬಿಕೊಳ್ಳುತ್ತವೆ. ಆಗ ನಿಜಕ್ಕೂ ನೋವು ಬರುತ್ತದೆ; ಚೀಟಿಯ ಮಾತು ಸರಿಯಿತ್ತೆಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಪುರಾವೆ ಇದಕ್ಕೆ ವಿರುದ್ಧವಾಗಿದೆ. ಕ್ಯಾರಗೀ 1990ರ ದಶಕದಲ್ಲಿ ಯಾವ ನಿರ್ಬಂಧವನ್ನೂ ಹೇರದೆ, ಆದಷ್ಟು ಬೇಗ ಎಂದಿನ ಬದುಕಿಗೆ ಮರಳಿ ಎಂದು ರೋಗಿಗಳಿಗೆ ಹೇಳಿ ನೋಡಿದರು. ಅವರು ಸರಾಸರಿ ಎರಡು ವಾರದೊಳಗೇ ಕೆಲಸಕ್ಕೆ ಹೋದರು. ಇನ್ನೊಂದು ಅಮೆರಿಕನ್ ಪ್ರಯೋಗ 108 ಜನರನ್ನು ಎರಡು ಗುಂಪು ಮಾಡಿ ಎರಡು ವಾರದ ನಿರ್ಬಂಧವನ್ನೂ ಆರು ವಾರದ ನಿರ್ಬಂಧವನ್ನೂ ಹೋಲಿಸಿತು. ನೋವಿನಲ್ಲಾಗಲಿ ಮರುಕಳಿಕೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಡಿಸ್ಕಿನೊಳಗಿನ ಒತ್ತಡದ ಬಗ್ಗೆ 1960ರ ದಶಕದ ಸ್ವೀಡಿಷ್ ಅಳತೆಗಳು ಕೂತಾಗ ಒತ್ತಡ ಹೆಚ್ಚು ಎಂದಿದ್ದವು. ‘ಕೂರಬೇಡಿ’ ಎಂಬ ಸಲಹೆಗೆ ಅದೇ ಆಧಾರವಾಯಿತು. ಜರ್ಮನಿಯ ಉಲ್ಮ್‌ನಲ್ಲಿ 1999ರಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲೇ ಸಂವೇದಕ ಇಟ್ಟು ಅಳೆದಾಗ ಆರಾಮವಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಬೆನ್ನು ಬಾಗಿಸಿ 20 ಕೆ.ಜಿ. ಎತ್ತಿದಾಗ ಮಾತ್ರ ನಿಂತಾಗಿನ ನಾಲ್ಕು ಪಟ್ಟಿಗೂ ಮೀರಿತು. ಅಂದರೆ ಮೊದಲ ಕೆಲವು ವಾರ ಎಚ್ಚರ ಬೇಕಿರುವುದು ಬಾಗಿ ಭಾರ ಎತ್ತುವುದಕ್ಕೆ: ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್ಟು, ಅಡಿಕೆ ಮೂಟೆ. ಊಟಕ್ಕೆ ನೆಲದ ಮೇಲೆ ಕೂರುವುದನ್ನು ಜೀವನಪೂರ್ತಿ ನಿಷೇಧಿಸಲು ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇರುವುದು ಕುರ್ಚಿಯಲ್ಲಾದರೂ ಕಷ್ಟವೇ.

ವ್ಯಾಯಾಮದ ಬಗ್ಗೆ ಲಭ್ಯವಿರುವ ಪ್ರಯೋಗಗಳನ್ನು ಜರಡಿ ಹಿಡಿದ ಕಾಕ್ರೇನ್ ಸಮೀಕ್ಷೆ, ಆಪರೇಷನ್ನಾದ ನಾಲ್ಕರಿಂದ ಆರು ವಾರಕ್ಕೆ ಶುರುಮಾಡಿದ ವ್ಯಾಯಾಮದಿಂದ ನೋವು ಮತ್ತು ಅಶಕ್ತತೆ ಬೇಗ ಇಳಿಯುತ್ತವೆ, ಅದರಿಂದ ಮರು ಆಪರೇಷನ್ ಹೆಚ್ಚುವುದಿಲ್ಲ ಎಂದಿದೆ; ಪುರಾವೆಯ ಗುಣಮಟ್ಟ ದುರ್ಬಲ ಎಂದೂ ಹೇಳಿದೆ. ಆಸ್ಪತ್ರೆಯಿಂದ ಮನೆಗೆ ಹೋದ ಕೂಡಲೇ ಫಿಸಿಯೋಥೆರಪಿಗೆ ಕಳಿಸಿ ನೋಡಿದ ಡಚ್ ಪ್ರಯೋಗದಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಹಾಗಾಗಿ ಮೊದಲ ವಾರಗಳಿಗೆ ನಡಿಗೆಯೇ ಸಾಕು. ತಿಂಗಳ ನಂತರವೂ ಸುಧಾರಿಸದವರು, ಹೆದರಿ ಮುದುಡಿದವರು, ಭಾರದ ಕೆಲಸಕ್ಕೆ ಮರಳಬೇಕಾದವರು ಫಿಸಿಯೋಥೆರಪಿಸ್ಟರ ಬಳಿ ಹೋಗಬೇಕು. ಅಲ್ಲಿ ಶಾಖ, ಕರೆಂಟು ಕೊಡಿಸಿಕೊಂಡು ಮಲಗಿ ಬರುವುದಲ್ಲ, ಬೆವರು ಬರುವಂತೆ ಬೆನ್ನನ್ನು ಬಲಪಡಿಸಿಕೊಳ್ಳಬೇಕು.

ನಾನು ಓದಿದ್ದರಲ್ಲಿ ನಮ್ಮ ನಾಡಿಗೆ ಹೆಚ್ಚು ಪಾಠವಿರುವುದು ಬೆಲ್ಜಿಯಂನ ಒಂದು ಕೆಲಸ, 1999ರದ್ದು. ಅಲ್ಲಿ ಅನಾರೋಗ್ಯದ ರಜೆಯ ಭತ್ಯೆಯನ್ನು ವಿಮಾ ನಿಧಿಗಳು ಕೊಡುತ್ತವೆ. ನಿಧಿಯ ವೈದ್ಯರು ಆಗಾಗ ರೋಗಿಯನ್ನು ಕರೆಸಿ ನೋಡುತ್ತಾರೆ. ಡಿಸ್ಕ್ ಆಪರೇಷನ್ ಆದ 710 ಜನರಲ್ಲಿ ಒಂದು ಭಾಗವನ್ನು ನೋಡುವ ವೈದ್ಯರಿಗೆ ರಜೆ ಪರಿಶೀಲಿಸುವುದರ ಜೊತೆಗೆ, ಬೇಗ ಚಲಿಸುವಂತೆ, ಕೆಲಸಕ್ಕೆ ಮರಳುವಂತೆ ಹುರಿದುಂಬಿಸಿ, ಮುಂದಿನ ಹೆಜ್ಜೆ ತಿಳಿಸಿಕೊಡಿ ಎಂದು ಹೇಳಲಾಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ವರ್ಷದ ಕೊನೆಗೆ ಕೆಲಸಕ್ಕೆ ಮರಳದೆ ಉಳಿದವರು ಮಾಮೂಲಿ ಗುಂಪಿನಲ್ಲಿ ಶೇ 18.1, ಈ ಗುಂಪಿನಲ್ಲಿ ಶೇ 10.1. ಯಾವ ದುಬಾರಿ ಉಪಕರಣವೂ ಇಷ್ಟು ವ್ಯತ್ಯಾಸ ತಂದದ್ದನ್ನು ನಾನು ಕಾಣೆ.

ನಮ್ಮಲ್ಲಿ ಬಹುಪಾಲು ದುಡಿಯುವವರಿಗೆ ವೇತನಸಹಿತ ರಜೆಯೇ ಇಲ್ಲ. ಗಾರೆ ಕೆಲಸದವರು, ಆಟೊ ಚಾಲಕರು, ಹಮಾಲಿಗಳು ಒಂದೋ ಹೊಟ್ಟೆಪಾಡಿಗೆ ಹದಿನೈದು ದಿನಕ್ಕೇ ಪೂರ್ತಿ ಭಾರಕ್ಕೆ ಹೆಗಲು ಕೊಡುತ್ತಾರೆ, ಇಲ್ಲವೇ ಕೆಲಸವನ್ನೇ ಕಳೆದುಕೊಳ್ಳುತ್ತಾರೆ. ಎರಡರ ನಡುವೆ ಆರು ವಾರದ ಹಗುರ ಕೆಲಸವೆಂಬುದು ಅವರಿಗೆ ಸಿಗುವುದಿಲ್ಲ. ಮನೆಗೆಲಸ ಮಾಡುವ ಹೆಂಗಸರ ಪಾಡು ಇನ್ನೂ ಬೇರೆ. ಅವರಿಗೆ ರಜೆ ಕೊಡುವ ಮಾಲೀಕನೇ ಇಲ್ಲ, ಮನೆಯವರೇ ಕೊಡವನ್ನು ಕೈಯಿಂದ ಇಸಿದುಕೊಳ್ಳಬೇಕು. ಸ್ವೀಡನ್ನಿನ ದಾಖಲೆಗಳಲ್ಲೂ ಹೆಂಗಸರು ಹೆಚ್ಚಿನ ನೋವಿನೊಂದಿಗೇ ಆಪರೇಷನ್ನಿಗೆ ಬರುತ್ತಾರೆ, ಆಮೇಲೂ ಸ್ವಲ್ಪ ಹೆಚ್ಚು ನೋವನ್ನು ಉಳಿಸಿಕೊಂಡಿರುತ್ತಾರೆ.

ಆಪರೇಷನ್ನಿನಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನೂ ನೇರವಾಗಿ ಹೇಳಬೇಕು. ಹಲವು ಅಧ್ಯಯನಗಳನ್ನು ಸೇರಿಸಿದ 2016ರ ವಿಶ್ಲೇಷಣೆಯ ಪ್ರಕಾರ ನೂರರ ಅಳತೆಯಲ್ಲಿ 75ರಷ್ಟಿದ್ದ ಕಾಲುನೋವು ಮೂರು ತಿಂಗಳಿಗೆ 15ಕ್ಕೆ ಇಳಿಯುತ್ತದೆ, ಐದನೆಯ ವರ್ಷಕ್ಕೆ 21ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದು ದೊಡ್ಡ ಲಾಭ, ಆದರೆ ಸೊನ್ನೆಯಲ್ಲ. ಮಳೆಗಾಲದಲ್ಲೊಮ್ಮೆ, ದೂರದ ಬಸ್ ಪ್ರಯಾಣದ ಮರುದಿನ ಸೊಂಟ ಹಿಡಿದರೆ ಆಪರೇಷನ್ ಕೆಟ್ಟಿತೆಂದು ಭಾವಿಸಿ ಮತ್ತೆ ಸ್ಕ್ಯಾನಿಗೆ ಓಡಬೇಕಿಲ್ಲ. 2007ರ ಆ ಡಚ್ ಪ್ರಯೋಗದ ರೋಗಿಗಳಿಗೆ ವರ್ಷದ ನಂತರ ಪುನಃ ಎಂ.ಆರ್.ಐ. ಮಾಡಿದಾಗ ಚೆನ್ನಾಗಿ ಚೇತರಿಸಿಕೊಂಡವರಲ್ಲಿ ಶೇ 35 ಮಂದಿಗೆ, ಚೇತರಿಸಿಕೊಳ್ಳದವರಲ್ಲಿ ಶೇ 33 ಮಂದಿಗೆ ಡಿಸ್ಕ್ ಹೊರಚಾಚಿದ್ದು ಕಾಣುತ್ತಿತ್ತು. ಸ್ಕ್ಯಾನ್ ನೋಡಿ ಯಾರು ಗುಣವಾದರು, ಯಾರು ಆಗಲಿಲ್ಲ ಎಂದು ಹೇಳಲು ಸಾಧ್ಯವಿರಲಿಲ್ಲ. ಕಾಲಿಗೆ ಹೊಸದಾಗಿ ನೋವು ಇಳಿದರೆ, ಬಲ ಕುಂದಿದರೆ, ಜ್ವರದೊಂದಿಗೆ ರಾತ್ರಿಯೆಲ್ಲ ಬೆನ್ನು ನೋಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು.

ಡಿಸ್ಕ್ ಆಪರೇಷನ್ ಮಾಡುವ ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ. ಬಿಡುಗಡೆಯ ಚೀಟಿಯಲ್ಲಿ ಪ್ರತಿ ‘ಬಾರದು’ ಪಕ್ಕ ಒಂದು ದಿನಾಂಕ ಬರೆಯಿರಿ. ಯಾವ ದಿನದಿಂದ ಬಗ್ಗಬಹುದು, ಯಾವಾಗ ಸ್ಕೂಟರ್ ಹತ್ತಬಹುದು, ಎಷ್ಟು ಕೆ.ಜಿ.ಯನ್ನು ಯಾವ ವಾರದಿಂದ ಎತ್ತಬಹುದು, ಬೆಲ್ಟನ್ನು ಯಾವತ್ತು ಬಿಚ್ಚಿಡಬೇಕು ಎಂದು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆದುಕೊಡಿ. ಬರೆದಿಲ್ಲದಿದ್ದರೆ, ಆಪರೇಷನ್ ಮಾಡಿಸಿಕೊಂಡವರೇ, ಆಸ್ಪತ್ರೆ ಬಿಡುವ ಮುಂಚೆ ಕೇಳಿ ಬರೆಸಿಕೊಳ್ಳಿ.